ಇದ್ದಿಲು, ನೀರು, ಬಿಸಿಲು: ಒಂದು ನಾಡಿನ ಸನ್ನದ್ಧತೆಯ ಕಥೆ

ರೂಪನಗುಡಿ ನನ್ನ ತಾಯಿಯ ತವರು. ಬಳ್ಳಾರಿ ತಾಲ್ಲೂಕಿನ ಈ ಊರಿನ ಎರೆನೆಲವೂ, ಕನ್ನಡ ತೆಲುಗು ಬೆರೆತ ಅಲ್ಲಿನ ಮಾತೂ, ಮಾಳಿಗೆಯ ಮನೆಗಳೂ ನನಗೆ ಬಾಲ್ಯದಿಂದ ಪರಿಚಿತ. ಒಂದು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ರಾತ್ರಿ ಊಟ ಮುಗಿದು ಹಾಸಿಗೆ ಬಿಡಿಸುವ ಹೊತ್ತಿಗೆ ಸೋದರಮಾವನವರು ಕೈಯಲ್ಲಿ ಟಾರ್ಚೂ ಕೋಲೂ ಹಿಡಿದು ಹೊಲಕ್ಕೆ ಹೊರಟು ನಿಂತರು. ‘ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಮಾವ?’ ಎಂದೆ.

‘ಈ ವಾರ ನಮ್ಮದು ರಾತ್ರಿ ಪಾಳಿ ಅಳಿಯಾ. ಮೋಟರಿಗೆ ಕರೆಂಟು ಬರೋದು ಈಗಲೇ. ಹಗಲೆಲ್ಲ ಬಿಸಿಲು ಸುಡತೈತಿ, ಕರೆಂಟು ಮಾತ್ರ ಕತ್ತಲಾದ ಮೇಲೆ ಬರತೈತಿ. ಇದೇನು ಲೆಕ್ಕವೋ ಏನೋ!’ ಎಂದು ನಕ್ಕು, ಚಪ್ಪಲಿ ಮೆಟ್ಟಿ ನಡೆದರು.

ಅವರು ನಕ್ಕದ್ದು ಹೌದು. ಆದರೆ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕೆಲವೇ ದಿನಗಳ ಹಿಂದೆ ನಮ್ಮ ಕಾಲೇಜಿನ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು, 2023ರಲ್ಲಿ ಐ.ಇ.ಇ.ಎಫ್.ಎ. ಮತ್ತು ಎಂಬರ್ ಎಂಬ ಎರಡು ಸಂಸ್ಥೆಗಳು ನಮ್ಮ ದೇಶದ 16 ರಾಜ್ಯಗಳನ್ನು ತೂಗಿ ನೋಡಿದ ಸಂಗತಿಯನ್ನು ತಿಳಿಸಿದ್ದರು. ಹೊಗೆ ಕಡಿಮೆ ಮಾಡಿ ಬೆಳೆಯುವುದಕ್ಕೆ, ಎಂದರೆ ‘ಅಲ್ಪ ಇಂಗಾಲದ ಬೆಳವಣಿಗೆ’ಗೆ, ಯಾವ ರಾಜ್ಯ ಎಷ್ಟು ಸಿದ್ಧವಾಗಿದೆ ಎಂಬ ಪರೀಕ್ಷೆ ಅದು. ಕರ್ನಾಟಕವೂ ಗುಜರಾತೂ ಮೊದಲ ಸಾಲಿನಲ್ಲಿ ತೇರ್ಗಡೆಯಾದುವು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಇಪ್ಪತ್ತು ವರ್ಷಗಳಿಂದ ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಬಂದಿರುವ ನನಗೆ ಅಂಕಗಳ ಬೆಲೆಯೂ ಗೊತ್ತು, ಮಿತಿಯೂ ಗೊತ್ತು. ಮೊದಲ ದರ್ಜೆಯ ನಾಡಿನಲ್ಲಿ ಎಪ್ಪತ್ತರ ಹತ್ತಿರದ ಮುದುಕರೊಬ್ಬರು ಹಾವು ಚೇಳುಗಳ ನಡುವೆ ನಡುರಾತ್ರಿ ನೀರು ಕಟ್ಟಲು ಹೋಗಬೇಕೆ? ಸನ್ನದ್ಧತೆ ಎಂದರೆ ನಿಜವಾಗಿ ಏನು? ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯೇ ಒಂದಿಷ್ಟು ಉತ್ತರ ಹೇಳುತ್ತದೆ. ನಾನು ಎಂಜಿನಿಯರನಲ್ಲ, ಕನ್ನಡದ ಮೇಷ್ಟ್ರು. ಆದುದರಿಂದ ಕಥೆಯ ದಾರಿಯಲ್ಲಿಯೇ ಹೋಗುತ್ತೇನೆ.

ಕಥೆಯ ಆರಂಭ ಶಿವನಸಮುದ್ರದಲ್ಲಿ. ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರದಿಂದ ನಡೆಯುತ್ತಿದ್ದುವು. ಆ ಯಂತ್ರಗಳ ಹೊಟ್ಟೆಗೆ ಸೌದೆ ಬೇಕು, ದೂರದಿಂದ ತರಿಸಿದ ಕಲ್ಲಿದ್ದಲು ಬೇಕು. ಮೈಸೂರು ಸೀಮೆಯಲ್ಲಾದರೋ ಕಲ್ಲಿದ್ದಲಿನ ಒಂದು ಚೂರೂ ಸಿಗದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಜೋಲಿ ದ ಲಾಟ್‌ಬಿನಿಯರ್ ಎಂಬ ಎಂಜಿನಿಯರು ಅಮೆರಿಕ ಯೂರೋಪುಗಳನ್ನು ಸುತ್ತಿ, ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆಯಬಹುದೆಂದು ಯೋಜನೆ ಹಾಕಿದರು. 1902ರ ಜೂನ್ ತಿಂಗಳಲ್ಲಿ ಆ ವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಕೋಲಾರವನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಜಗತ್ತಿಗೇ ಹೊಸದು. ಕೆಲಸವನ್ನು ಕಣ್ಣಾರೆ ನೋಡುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗೆ ಇರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಮೈಸೂರು ಸರ್ಕಾರ ಯಾವ ಘೋಷಣೆಯನ್ನೂ ಮಾಡಿರಲಿಲ್ಲ. ಹೊಗೆಯಿಂದ ಭೂಮಿ ಕಾಯುತ್ತದೆಂಬ ತಿಳಿವಳಿಕೆಯೂ ಆಗಿನ ಆಡಳಿತಗಾರರಿಗೆ ಇರಲಿಲ್ಲ. ಇದ್ದದ್ದು ಇಷ್ಟು: ನದಿಯ ನೀರಿನ ಅಳತೆ, ವಿದ್ಯುತ್ತನ್ನು ಕೊಳ್ಳಲು ಮುಂಚಿತವಾಗಿಯೇ ಒಪ್ಪಿದ ಗಣಿ ಕಂಪನಿಗಳು, ಮತ್ತು ಕೆಲಸವನ್ನು ತನ್ನದೆಂದು ನಡೆಸುವ ಒಂದು ಇಲಾಖೆ. ಅಳತೆ, ಗಿರಾಕಿ, ಹೊಣೆಗಾರ. ಈ ಮೂರೂ ಇದ್ದುದರಿಂದಲೇ ಒಂದು ದೇಶೀಯ ಸಂಸ್ಥಾನಕ್ಕೆ ಅಂಥ ಸಾಹಸ ಸಾಧ್ಯವಾಯಿತು.

ಆದರೂ ಒಂದು ಕಡೆ ಲೆಕ್ಕ ತಪ್ಪಿತು. ಬೇಸಿಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು. ಆಗ ಗಣಿಗೆ ಒಪ್ಪಿದಷ್ಟು ವಿದ್ಯುತ್ತು ಕೊಡುವುದು ಕಷ್ಟವಾಗುತ್ತಿತ್ತು. ಆ ಕೊರತೆಯನ್ನು ತುಂಬುವುದಕ್ಕೆ 1911ರಲ್ಲಿ ಕನ್ನಂಬಾಡಿಯ ಕಟ್ಟೆ ಮೊದಲಾಯಿತು. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದಿರುವ ಆ ಕಟ್ಟೆಯನ್ನು ನಾವು ಮಂಡ್ಯದ ಗದ್ದೆಗಳಿಗಾಗಿ ನೆನೆಯುತ್ತೇವೆ. ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲಿ ನೀರು ಒದಗಿಸುವುದೂ ಅದರ ಮುಖ್ಯ ಉದ್ದೇಶವಾಗಿತ್ತೆಂಬುದನ್ನು ಮರೆಯುತ್ತೇವೆ. ಪ್ರಕೃತಿಯ ಶಕ್ತಿಯನ್ನು ನೆಚ್ಚಿದವನು ಅದರ ಬಿಡುವಿನ ದಿನಗಳಿಗೂ ಸಿದ್ಧನಾಗಿರಬೇಕು. ಇದು ಆ ಕಾಲ ಕಲಿಸಿದ ಪಾಠ. ಇಂದು ‘ಸೂರ್ಯ ಮುಳುಗಿದ ಮೇಲೆ ಏನು ಗತಿ?’ ಎಂದು ಕೇಳುವವರು ಕೇಳುತ್ತಿರುವುದು ಅದೇ ಹಳೆಯ ಪ್ರಶ್ನೆಯನ್ನು.

ಭದ್ರಾವತಿಯದು ಇನ್ನೂ ಸ್ವಾರಸ್ಯವಾದ ಪ್ರಸಂಗ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಮಾಡುವುದು ಹೇಗೆ? 1923ರಲ್ಲಿ ಅಲ್ಲಿ ಕುಲುಮೆ ಉರಿದದ್ದು ಮಲೆನಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲಿನಿಂದ. 1952ರಲ್ಲಿ ಅಲ್ಲಿ ವಿದ್ಯುತ್ತಿನಿಂದ ಅದುರು ಕರಗಿಸುವ ಕುಲುಮೆಗಳೂ ಬಂದುವು. ಅಷ್ಟರಲ್ಲಿ ಜೋಗದ ವಿದ್ಯುತ್ತು ಒದಗಿತ್ತು. ಇಂದು ಜಗತ್ತಿನ ಉಕ್ಕಿನ ಪಂಡಿತರು ‘ಕಲ್ಲಿದ್ದಲಿಲ್ಲದ ಕಬ್ಬಿಣ’ ಎಂದು ಹೊಸದಾಗಿ ಹಂಬಲಿಸುತ್ತಿದ್ದಾರೆ. ನಮ್ಮವರು ಅದನ್ನು ಬಡತನದಿಂದ ಮಾಡಿ ತೋರಿಸಿದ್ದರು. ಹಾಗೆಂದು ಹೆಮ್ಮೆಯಿಂದ ಬೀಗಬೇಕಾಗಿಲ್ಲ. ಇದ್ದಿಲಿಗೆ ಕಾಡು ಬೆಲೆ ತೆತ್ತಿತು. ಹೊಗೆ ಕಡಿಮೆಯಾದಲ್ಲೆಲ್ಲ ಹಾನಿಯೂ ಕಡಿಮೆಯೆಂದು ತಿಳಿಯಲಾಗದು.

ಈ ಹೊತ್ತಿಗೆಲ್ಲ ನಮ್ಮ ಬಳ್ಳಾರಿ ಮೈಸೂರಿಗೆ ಸೇರಿರಲಿಲ್ಲ, ಮದರಾಸಿನ ಆಳ್ವಿಕೆಯಲ್ಲಿತ್ತು. 1953ನೆಯ ವರ್ಷ ನಮ್ಮ ಸೀಮೆಗೆ ಎರಡು ಬಗೆಯಿಂದ ಹೊಸ ಹುಟ್ಟು. ಆ ಜುಲೈಯಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರನ್ನು ಸೇರಿತು. ಅದೇ ದಿನ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಗಡಿ ಎಳೆಯುವುದು ಸುಲಭ, ನದಿಯನ್ನು ಕತ್ತರಿಸುವುದು ಸುಲಭವಲ್ಲ. ಆದುದರಿಂದ ಅಣೆಕಟ್ಟಿಗೆ ತುಂಗಭದ್ರಾ ಮಂಡಳಿಯೆಂಬ ಜಂಟಿ ಆಡಳಿತ ಏರ್ಪಟ್ಟಿತು. ಅಣೆಕಟ್ಟಿನ ಬಳಿಯೂ ಹಂಪಿಯಲ್ಲಿಯೂ ಮಂಡಳಿ ನಡೆಸುವ ವಿದ್ಯುದಾಗಾರಗಳ 72 ಮೆಗಾವ್ಯಾಟ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಆಂಧ್ರದ್ದು, ಒಂದು ಪಾಲು ನಮ್ಮದು. ಇದನ್ನು ದೂರಾಗಿ ಹೇಳುತ್ತಿಲ್ಲ. ಒಂದು ರಾಜ್ಯದ ಸನ್ನದ್ಧತೆ ಅದರ ಗಡಿಯೊಳಗೇ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಮಂಡಳಿಯ ಜಲಾಶಯ ಕಟ್ಟಿದಾಗ 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ತುಂಬಿದ ಕೆರೆಯ ನೀರನ್ನು ನದಿಗೆ ಬಿಟ್ಟುಕೊಂಡು ನಾವೆಲ್ಲ ಎದೆ ಹಿಡಿದು ಕುಳಿತಿದ್ದೆವು. ಕಟ್ಟುವುದು ಒಂದು ಸನ್ನದ್ಧತೆ. ಕಟ್ಟಿದ್ದನ್ನು ಕಾಪಾಡುವುದು ಇನ್ನೊಂದು.

1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಶರಾವತಿಯ ಬಲದಿಂದ ನಾಡು ಬೆಳಗಿತು. ಮುಳುಗಡೆಯ ಸಾವಿರಾರು ಸಂಸಾರಗಳು ಮಾತ್ರ ಕತ್ತಲೆಯ ಕಡೆಗೆ ನಡೆದುವು. ಅವರ ಮಕ್ಕಳು ಮೊಮ್ಮಕ್ಕಳು ಅರುವತ್ತು ವರ್ಷಗಳಾದ ಮೇಲೂ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಗಳನ್ನು ಅಲೆಯುತ್ತಿದ್ದರು. ಈಗ ಅದೇ ಕಣಿವೆಯಲ್ಲಿ, ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಗೆ ಬಿಡುವ 2,000 ಮೆಗಾವ್ಯಾಟ್ ಯೋಜನೆಯೊಂದು ಪ್ರಸ್ತಾಪಕ್ಕೆ ಬಂದಿದೆ, ವಿರೋಧವೂ ಎದ್ದಿದೆ. ಹಳೆಯ ಸಾಲ ತೀರಿಸದೆ ಹೊಸ ಸಾಲಕ್ಕೆ ಹೋದವನಿಗೆ ಊರಿನವರು ಏನೆನ್ನುತ್ತಾರೋ ಅದನ್ನೇ ಕಣಿವೆಯ ಜನ ಸರ್ಕಾರಕ್ಕೆ ಹೇಳಿದರೆ ತಪ್ಪೇನು?

ಎಂಬತ್ತರ ದಶಕದವರೆಗೆ ನಮ್ಮ ರಾಜ್ಯದ ವಿದ್ಯುತ್ತು ಬಹುಮಟ್ಟಿಗೆ ನೀರಿನದೇ. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳು ನಿಂತುವು, ಮನೆಗಳಲ್ಲಿ ಲಾಂದ್ರ ಹತ್ತಿದುವು. ಕನ್ನಂಬಾಡಿಯ ಪಾಠವನ್ನು ನಾಡು ಮರೆತಿತ್ತು. ಬಿಡುವಿನ ದಿನಕ್ಕೆ ಎರಡನೆಯ ದಾರಿಯನ್ನು ಕಟ್ಟಿಕೊಂಡಿರಲಿಲ್ಲ. ಕಡೆಗೆ ದಾರಿ ಹುಡುಕಿದ್ದು ಕಲ್ಲಿದ್ದಲಿನಲ್ಲಿ. 1985ರಲ್ಲಿ ರಾಯಚೂರಿನ ಮೊದಲ ಘಟಕ ಉರಿಯಿತು. 2007ರ ನಂತರ ನಮ್ಮ ಕುಡಿತಿನಿಯಲ್ಲಿ ಒಂದರ ಮೇಲೊಂದರಂತೆ ಮೂರು ಘಟಕಗಳು, ಒಟ್ಟು 1,700 ಮೆಗಾವ್ಯಾಟ್. ಕಲ್ಲಿದ್ದಲು ಹುಟ್ಟದ ನಾಡಿಗೆ ರೈಲುಗಟ್ಟಲೆ ಕಲ್ಲಿದ್ದಲು ಬಂತು. ಪಕ್ಕದ ತೋರಣಗಲ್ಲಿನಲ್ಲಿ 1971ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟ ಉಕ್ಕಿನ ಕನಸು, ತೊಂಬತ್ತರ ದಶಕದಲ್ಲಿ ಖಾಸಗಿಯವರ ಕೈಯಲ್ಲಿ ನನಸಾಯಿತು; ಇಂದು ಅದರ ಸಾಮರ್ಥ್ಯ ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ನನ್ನು ಮೀರಿದೆ. ಹೊರದೇಶದ ಕಲ್ಲಿದ್ದಲು ಅದರ ಆಹಾರ. ಯೂರೋಪು ತನ್ನ ಗಡಿಯೊಳಗೆ ಬರುವ ಉಕ್ಕಿನ ಹಿಂದಿನ ಹೊಗೆಗೆ ಬೆಲೆ ಕಟ್ಟುವ ನಿಯಮವನ್ನು 2026ರಿಂದ ಜಾರಿಗೆ ತಂದಿದೆ. ಬ್ರಸೆಲ್ಸ್‌ನಲ್ಲಿ ಬರೆದ ಲೆಕ್ಕ ನಾಳೆ ಸಂಡೂರಿನ ಕೂಲಿಯವನ ಸಂಬಳವನ್ನೂ ಮುಟ್ಟಬಹುದು.

ಹಾಗಾದರೆ ಸರ್ಕಾರ ಸುಮ್ಮನೆ ಕುಳಿತಿದೆಯೆ? ಇಲ್ಲ. ಹೊಸ ಶಕ್ತಿಗಳಿಗೆಂದೇ ಒಂದು ನಿಗಮ 1996ರಲ್ಲಿ ಹುಟ್ಟಿತು. 2008ರ ರಾಷ್ಟ್ರೀಯ ಯೋಜನೆಯನ್ನು ಅನುಸರಿಸಿ ರಾಜ್ಯದ ಹವಾಮಾನ ಕ್ರಿಯಾ ಯೋಜನೆಯೂ ಸಿದ್ಧವಾಯಿತು. ಪಾವಗಡದಲ್ಲಿ ಸುಮಾರು 13,000 ಎಕರೆಗಳ ಮೇಲೆ ಹರಡಿದ 2,050 ಮೆಗಾವ್ಯಾಟ್‌ನ ಸೌರ ಉದ್ಯಾನ 2019ರ ಕೊನೆಗೆ ಪೂರ್ಣವಾಯಿತು. ಅಲ್ಲಿ ಒಂದು ಒಳ್ಳೆಯ ಮಾರ್ಗ ಹಿಡಿದರು: ರೈತರ ನೆಲವನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಬರದ ಸೀಮೆಯ ರೈತನಿಗೆ ಅದು ದೊಡ್ಡ ಆಸರೆ. ಆದರೆ ನೆಲವೇ ಇಲ್ಲದೆ, ಅದೇ ಹೊಲಗಳಲ್ಲಿ ಕಳೆ ಕಿತ್ತು ಕುರಿ ಮೇಯಿಸಿ ಬದುಕುತ್ತಿದ್ದವನಿಗೆ ಗುತ್ತಿಗೆಯ ಹಣ ಎಲ್ಲಿಂದ ಬರಬೇಕು?

ಇದರ ಎದುರಿಗೆ ಕುಡಿತಿನಿಯನ್ನು ಇಟ್ಟು ನೋಡಿರಿ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳು ಬರುತ್ತವೆಂದು ಆ ಸುತ್ತಿನ ರೈತರ ಸಾವಿರಾರು ಎಕರೆ ನೆಲವನ್ನು ಸ್ವಾಧೀನಪಡಿಸಿಕೊಂಡರು. ಕಾರ್ಖಾನೆಗಳು ಬರಲಿಲ್ಲ. ನೆಲ ಹೋಯಿತು, ಕೆಲಸ ಬರಲಿಲ್ಲ, ಕೊಟ್ಟ ಬೆಲೆ ನ್ಯಾಯದ್ದಲ್ಲ ಎಂದು ರೈತರು 2022ರ ಕೊನೆಯಲ್ಲಿ ಧರಣಿ ಹೂಡಿದರು. ಒಂದೇ ರಾಜ್ಯ, ಹೆಚ್ಚುಕಡಿಮೆ ಒಂದೇ ಕಾಲ; ಒಂದು ಕಡೆ ಗುತ್ತಿಗೆ, ಇನ್ನೊಂದು ಕಡೆ ಧರಣಿ. ಒಂದೂರಿನಲ್ಲಿ ಕಲಿತ ಪಾಠ ಮತ್ತೊಂದು ಊರಿಗೆ ತಲಪಿದರೆ ಮಾತ್ರ ಅದು ಸರ್ಕಾರದ ಸನ್ನದ್ಧತೆ. ಇಲ್ಲವಾದರೆ ಅದು ಆ ಊರಿನ ಅದೃಷ್ಟ.

ನೂರ ಇಪ್ಪತ್ತು ವರ್ಷಗಳ ಈ ಕಥೆಯಿಂದ ನನಗೆ ತೋರುವುದು ಇಷ್ಟು. ಅಳೆಯುವುದು, ಕಟ್ಟುವುದು, ಗಿರಾಕಿಯನ್ನು ಹುಡುಕುವುದು, ಇವುಗಳಲ್ಲಿ ನಮ್ಮ ನಾಡು ಶಿವನಸಮುದ್ರದ ಕಾಲದಿಂದಲೂ ಜಾಣ ವಿದ್ಯಾರ್ಥಿ. ಬಿಡುವಿನ ದಿನಕ್ಕೆ ಸಿದ್ಧವಾಗುವುದರಲ್ಲಿ ಸಾಧಾರಣ. ಯಾರ ನೆಲ ಹೋಯಿತು, ಬೆಳಕು ಯಾರಿಗೆ ಯಾವ ಹೊತ್ತಿಗೆ ತಲಪಿತು ಎಂಬ ಪ್ರಶ್ನೆಗೆ ಉತ್ತರ ಪತ್ರಿಕೆ ಇಂದಿಗೂ ಬಹುಮಟ್ಟಿಗೆ ಖಾಲಿ. 1902ರಲ್ಲಿ ಕಾವೇರಿಯ ವಿದ್ಯುತ್ತು ದಾರಿಯ ಹಳ್ಳಿಗಳ ತಲೆಯ ಮೇಲೆ ಹಾದು ಗಣಿಗೆ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಹಳ್ಳಿಯವನು ತಂತಿಯನ್ನು ನೋಡಿದನು, ದೀಪವನ್ನು ನೋಡಲಿಲ್ಲ. ಇಂದು ದೀಪ ಬಂದಿದೆ. ಆದರೆ ಹೊತ್ತು ಅವನದಾಗಿಲ್ಲ.

ರಾಜ್ಯದಲ್ಲಿ ನೀರಾವರಿ ಪಂಪುಸೆಟ್ಟುಗಳು 30 ಲಕ್ಷಕ್ಕೂ ಮೀರಿವೆ. 10 ಅಶ್ವಶಕ್ತಿಯವರೆಗಿನವಕ್ಕೆ 2008ರಿಂದ ಉಚಿತ ವಿದ್ಯುತ್ತು. 2019ರಲ್ಲಿ ಮೊದಲಾದ ಕುಸುಮ್ ಯೋಜನೆಯಲ್ಲಿ, ಹಳ್ಳಿಯ ಪಂಪುಗಳಿಗೆ ಹೋಗುವ ಮಾರ್ಗಕ್ಕೇ ಸೌರ ಫಲಕಗಳನ್ನು ಜೋಡಿಸಿ ಹಗಲು ವಿದ್ಯುತ್ತು ಕೊಡುವ ಏರ್ಪಾಟಿದೆ. ಹಾಗೆ ಮಾಡಿದರೆ ಸೂರ್ಯನಿರುವಾಗಲೇ ನೀರು ಹರಿಯುತ್ತದೆ. ರಾತ್ರಿಯ ಕಲ್ಲಿದ್ದಲೂ ಅಷ್ಟು ಉಳಿಯುತ್ತದೆ. ದೊಡ್ಡ ಉದ್ಯಾನಗಳಿಗೆ ತೋರಿಸಿದ ಆತುರವನ್ನು ಈ ಸಣ್ಣ ಕೆಲಸಕ್ಕೆ ತೋರಿಸಿದ ದಿನ, ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ಆ ರಾತ್ರಿ ಮಾವನವರು ಮರಳಿದಾಗ ಕೋಳಿ ಕೂಗುವ ಸಮಯ. ಕಾಲಿಗೆ ಮೊಣಕಾಲವರೆಗೆ ಕರಿಮಣ್ಣು. ನಾನಿನ್ನೂ ಎಚ್ಚರವಿರುವುದನ್ನು ಕಂಡು, ‘ನೀನ್ಯಾಕೆ ಮಲಗಲಿಲ್ಲ ಅಳಿಯಾ? ನಿನಗೇನು ಪಾಳಿ ಇತ್ತು?’ ಎಂದರು. ಉತ್ತರ ಹೊಳೆಯಲಿಲ್ಲ. ಈ ಲೇಖನವೇ ಅವರಿಗೆ ನಾನು ಕೊಡಬಲ್ಲ ಉತ್ತರ.