ಬಿಸಲು, ಕಟಕ ರೊಟ್ಟಿ ಮತ್ತು ಮನೆ ಮುಂದಿನ ಹಗೇವು

ಮೊನ್ನೆ ರವಿವಾರ ಊರಿಗೆ ಫೋನ್ ಮಾಡಿದ್ದೆ. ನಮ್ಮ ಮನೆಯ ಫೋನ್ ಮಾತು ಯಾವಾಗಲೂ ಊಟದಿಂದಲೇ ಶುರು.

"ಏನ್ ಮಾಡೀಬೇ ಊಟಕ್ಕ?"

"ಈ ಬಿಸಲಾಗ ಏನ್ ಸೇರ್ತೈತಿ ತಮ್ಮಾ.. ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮಜ್ಜಗಿ. ಒಲಿ ಮುಂದ ಕುಂದ್ರಾಕ ಆಗವಲ್ದು. ಹೊರಗ ನೋಡಿದ್ರ ಬೆಂಕಿ ಉಗಳಾಕತ್ತೈತಿ."

ಸಂಡಿಗೆ ಹಾಕಿದ್ದು, ಮಾಳಿಗೆ ಮೇಲೆ ಕಾಲಿಟ್ಟರೆ ಅಂಗಾಲು ಸುಡುವುದು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದು, ಎಲ್ಲಾ ಆಯಿತು. ಕೊನೆಗೆ ಫೋನ್ ಇಡುವ ಮೊದಲು ಅವ್ವ ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ಹಗೇವು ಮುಚ್ಚಸ್ತೀನಿ ಅನ್ನಾಕತ್ತಾನ. ಮನಿ ಮುಂದ ಸಿಮೆಂಟ್ ರಸ್ತೆ ಬರ್ತೈತಂತ. ನಿನ್ನ ಒಂದ್ ಮಾತ್ ಕೇಳು ಅಂದಾನ."

ನನಗೆ ತಟ್ಟನೆ ಏನು ಹೇಳಬೇಕೋ ತಿಳಿಯಲಿಲ್ಲ. "ನಾಳೆ ಹೇಳ್ತೀನಿ ತಡಿ" ಅಂದು ಇಟ್ಟುಬಿಟ್ಟೆ. ಆ ನಾಳೆ ಬರಲು ಒಂದು ವಾರ ಹಿಡಿಯಿತು. ಆ ವಾರದಲ್ಲಿ ತಲೆಯಲ್ಲಿ ಓಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ :-)

ನಮ್ಮೂರು ಸಂಶಿ. ಧಾರವಾಡ ಜಿಲ್ಲೆ, ಕುಂದಗೋಳ ತಾಲ್ಲೂಕು. ಹುಬ್ಬಳ್ಳಿಯಿಂದ ಹಾವೇರಿ ಕಡೆ ರೈಲು ಹತ್ತಿದರೆ ಸವಾಯಿ ಗಂಧರ್ವರ ಕುಂದಗೋಳ ದಾಟಿದ ಮೇಲೆ ಬರುವ ಸ್ಟೇಶನ್ನು. ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿ ಕಡೆ ಹೋದರೆ ಮಲೆನಾಡಿನ ಸೆರಗು, ಭತ್ತ ಬೆಳೆಯುತ್ತಾರೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದಂತೆ ಗಿಡಮರ ಕಡಿಮೆ, ಮಳೆಯೂ ಕಡಿಮೆ, ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ನಮ್ಮದು ಆ ಎರಿ ಸೀಮೆ. ಎರಿ ಮಣ್ಣು ಮಳೆಯ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೇ ಬೆಳೆದು ಶಿವರಾತ್ರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿ ಬಿಡುತ್ತದೆ. ನಾವು ಸಣ್ಣವರಿದ್ದಾಗ ಆ ಬಿರುಕಿನಲ್ಲಿ ಕೋಲು ಇಳಿಬಿಟ್ಟು ಆಳ ನೋಡುವುದೇ ಒಂದು ಆಟ.

ಒಂದು ವರ್ಷ ಸೋನೆ ಹಿಡಿದು ಬೆಳೆ ಬಂದರೆ ಮನೆ ತುಂಬ ಜೋಳ. ಮರುವರ್ಷ ಮೋಡ ಬರೀ ಮುಖ ತೋರಿಸಿ ಹೋದರೆ ಬೀಜವೂ ಕೈಗೆ ಬಾರದು. ಇಂಥ ಸೀಮೆಯಲ್ಲಿ ಬದುಕುವವನಿಗೆ ಒಂದು ವರ್ಷದ ಕಾಳನ್ನು ಮೂರು ವರ್ಷ ಕಾಯುವ ವಿದ್ಯೆ ಬೇಕಿತ್ತು. ಅದೇ ಹಗೇವು.

ನೋಡದವರಿಗಾಗಿ ಹೇಳುತ್ತೇನೆ. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು, ಒಳಗೆ ಹೊಟ್ಟೆ ಅಗಲ. ತಳಕ್ಕೆ, ಸುತ್ತ ಗೋಡೆಗೆ ಒಣ ಹುಲ್ಲು ಒತ್ತಿ ಜೋಳ ಸುರಿಯುತ್ತಾರೆ. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಹಾಸುಗಲ್ಲು, ಅದರ ಮೇಲೆ ಮಣ್ಣು. ಗಾಳಿ ಆಡದಂತೆ ಮುಚ್ಚಿದ ಮೇಲೆ ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ಹುಳ ಬದುಕಲಾರದು. ಇವತ್ತು ದೊಡ್ಡ ಗೋದಾಮುಗಳಲ್ಲಿ ಪ್ಲಾಸ್ಟಿಕ್ ಹೊದಿಸಿ ಮಾಡುವ ಕೆಲಸವನ್ನೇ ನಮ್ಮವರು ಹುಲ್ಲು, ಮಣ್ಣಿನಲ್ಲಿ ಮಾಡಿದ್ದರು. ಆದರೆ ಹುಳ ಬದುಕದ ಗಾಳಿಯಲ್ಲಿ ಮನುಷ್ಯನೂ ಬದುಕನಲ್ಲ! ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಮತ್ತೆ ಕಾಯಬೇಕು. ಹಗೇವಿನ ಜೋಳಕ್ಕೊಂದು ಮುಗ್ಗುಲು ವಾಸನೆ. ರೊಟ್ಟಿಗೂ ಅದು ಬರುತ್ತಿತ್ತಂತೆ.

ನಮ್ಮ ಸೀಮೆಗೆ ಈ ವಿದ್ಯೆ ಎಷ್ಟು ಬೇಕಿತ್ತು ಅನ್ನುವುದು ಬರಗಾಲಗಳ ಲೆಕ್ಕ ನೋಡಿದರೆ ತಿಳಿಯುತ್ತದೆ.

ಮೊದಲು ನೆನಪಾಗುವುದು 1791-92ರ ಡೋಗಿ ಬರ. ಡೋಗಿ ಅಂದರೆ ತಲೆಬುರುಡೆ. ಹೂಳುವವರಿಲ್ಲದೆ ನೆಲದ ಮೇಲೆ ಬುರುಡೆಗಳು ಬಿದ್ದಿದ್ದವು ಅಂತ ಆ ಹೆಸರು. ಆ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಎಲ್ ನಿನೋ ಜೋರಾಗಿತ್ತು, ಅದಕ್ಕೇ ಇಲ್ಲಿ ಮಳೆ ಕೈಕೊಟ್ಟಿತು ಅನ್ನುತ್ತಾರೆ ಹವಾಮಾನದ ಇತಿಹಾಸ ಬರೆಯುವವರು. ಆದರೆ ಮಳೆಯೊಂದೇ ಅಲ್ಲ. ಅದಕ್ಕೆ ಸ್ವಲ್ಪ ಮೊದಲು, 1790-91ರಲ್ಲಿ, ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು ಟಿಪ್ಪುವಿನ ಕೈಯಲ್ಲಿದ್ದ ಧಾರವಾಡ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿತ್ತು. ಸಾವಿರಾರು ಕುದುರೆ, ಎತ್ತು, ಸಿಪಾಯಿಗಳ ಹೊಟ್ಟೆ ತುಂಬಬೇಕಲ್ಲ? ಅದು ತುಂಬಿದ್ದು ಸುತ್ತಲಿನ ಹೊಲ ಕಣಗಳಿಂದಲೇ. ಮುಂದೆ ಮಳೆ ಕೈಕೊಟ್ಟಾಗ ರೈತರ ಬಳಿ ಕೂಡಿಟ್ಟದ್ದು ಎಷ್ಟು ಉಳಿದಿದ್ದೀತು, ನೀವೇ ಯೋಚಿಸಿ.

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆ ಸಿಕ್ಕಿದ್ದು ನೆನಪಿದೆಯಾ? ಆಗ ಯುದ್ಧದ್ದು ಅಂದರು ಕೆಲವರು, ಡೋಗಿ ಬರದ್ದು ಅಂದರು ಕೆಲವರು. ಪ್ರಯೋಗಾಲಯಗಳು ಹೇಳಿದ ಕಾಲವೂ ಒಂದಕ್ಕೊಂದು ತಾಳೆಯಾಗಲಿಲ್ಲ. ಆದರೆ ನನಗೆ ಆಶ್ಚರ್ಯವಾಗಿದ್ದು ಬೇರೆ. ಬುರುಡೆ ಕಂಡ ಕೂಡಲೇ ಇನ್ನೂರು ವರ್ಷ ಹಳೆಯ ಒಂದು ಬರದ ಹೆಸರು ಜನರ ಬಾಯಿಗೆ ಬಂತು!

ಎರಡನೆಯದು 1876-78ರದು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅದಕ್ಕೂ ಮೊದಲು, 1861-65ರ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತು, ನಮ್ಮ ಎರಿ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹತ್ತಿ ಒಯ್ಯುತ್ತಿದ್ದವು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತು ವರ್ಷಕ್ಕೆ ಮಳೆಯೂ ಹೋಯಿತು. ಜಿಲ್ಲೆಯಲ್ಲಿ ಆಗ ರೈಲಿಲ್ಲ. ಮೇವು ನೀರಿಲ್ಲದೆ ಎತ್ತು ಸತ್ತರೆ ಚಕ್ಕಡಿ ಎಳೆಯುವವರಾರು? ಬಂದರಿಗೆ ಅಕ್ಕಿ ಬಂದರೂ ಘಟ್ಟ ಹತ್ತಿಸುವುದು ಹೇಗೆ?

ಸರಕಾರ ಕಾಮಗಾರಿ ತೆಗೆಯಿತು. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಖರ್ಚು ಇಳಿಸಲು ಕೂಲಿಯನ್ನೇ ಇಳಿಸಿದ. ಇಡೀ ದಿನ ದುಡಿದ ಗಂಡಾಳಿಗೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದು ಆಣೆ. ಒಂದು ಪೌಂಡು ಅಂದರೆ ಸುಮಾರು 450 ಗ್ರಾಂ. ಒಂದು ದಪ್ಪ ರೊಟ್ಟಿಗೆ ನೂರು ಗ್ರಾಂ ಹಿಟ್ಟು ಹಿಡಿದರೆ ನಾಲ್ಕೂವರೆ ರೊಟ್ಟಿ. ಉಪ್ಪು, ಬೇಳೆ, ಸೌದೆ ಎಲ್ಲಾ ಆ ಒಂದು ಆಣೆಯಲ್ಲೇ. ಹೆಣ್ಣಾಳಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಮುಂಬಯಿ ಪ್ರಾಂತ್ಯದ ಕೂಲಿಗಳು ಇದಕ್ಕೆ ಒಪ್ಪದೆ ಕೆಲಸ ಬಿಟ್ಟು ನಿಂತರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಮದ್ರಾಸಿನಲ್ಲಿ ಡಾಕ್ಟರ್ ಕಾರ್ನಿಷ್ ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಅಂತ ಲೆಕ್ಕ ಹಾಕಿ ವಾದಿಸಿದ. ಅದೇ ವರ್ಷಗಳಲ್ಲಿ ಇದೇ ದೇಶದಿಂದ ಇಂಗ್ಲೆಂಡಿಗೆ ಗೋದಿ ಹಡಗುಗಟ್ಟಲೆ ಹೋಗುತ್ತಲೇ ಇತ್ತು. ಜನಗಣತಿಯ ಪ್ರಕಾರ 1872ರಲ್ಲಿ ಧಾರವಾಡ ಜಿಲ್ಲೆಯ ಜನ ಸುಮಾರು 9 ಲಕ್ಷ 88 ಸಾವಿರ. 1881ರಲ್ಲಿ ಸುಮಾರು 8 ಲಕ್ಷ 83 ಸಾವಿರ. ಹೆಚ್ಚಬೇಕಾದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಕಡಿಮೆ.

ಈ ಬರದ ಮೇಲೆ ಕೂತ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಬರ ಬೀಳುವ ಸೀಮೆಗಳಿಗೆ ರೈಲು ಬೇಕು ಅಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಹುಬ್ಬಳ್ಳಿಯಿಂದ ಹರಿಹರದ ಕಡೆ ಹಳಿ ಬಿತ್ತು. ನಮ್ಮ ಸಂಶಿ ಸ್ಟೇಶನ್ನು ಆ ದಾರಿಯಲ್ಲೇ ಇದೆ. ಸಣ್ಣವನಿದ್ದಾಗ ಕಂಬಿಯ ಮೇಲೆ ಚಾರಾಣೆ ಇಟ್ಟು ಚಪ್ಪಟೆ ಮಾಡಿಸುತ್ತಿದ್ದೆ. ಅದು ಹಸಿವಿನ ಕಾರಣಕ್ಕೆ ಬಂದ ಹಳಿ ಅಂತ ತಿಳಿದದ್ದು ಎಷ್ಟೋ ವರ್ಷಗಳ ನಂತರ. ರೈಲು ಬಂದರೂ 1896-97, 1899-1900ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಮತ್ತೆ ಬರ ಬಂತು. ಕಾಳು ತರುವ ರೈಲು ಕಾಳು ಒಯ್ಯಲೂಬಹುದು, ಬೆಲೆ ಎಲ್ಲಿ ಹೆಚ್ಚೋ ಅಲ್ಲಿಗೆ.

ಇನ್ನು 1972ರ ಬರ. ಇದು ನಮ್ಮ ಆಯಿಯ ಬಾಯಿಂದ ಕೇಳಿದ್ದು. ಖಡಿ ಒಡೆಯುವ ಕೆಲಸ, ಪರದೇಶದಿಂದ ಬಂದ ಕೆಂಪು ಜೋಳ, ಮೇವಿಲ್ಲದೆ ಮಾರಿದ ಎತ್ತುಗಳು. ನಮ್ಮ ಮನೆಯಲ್ಲಿ ಹಗೇವಿತ್ತು, ಅದಕ್ಕೇ ಬದುಕಿದೆವು ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಾನೆ. ಆಯಿ ಮಾತ್ರ ಹೆಮ್ಮೆಯಿಂದ ಹೇಳುತ್ತಿರಲಿಲ್ಲ. ಒಂದು ಬೇಸಿಗೆ ರಾತ್ರಿ ಅಂಗಳದಲ್ಲಿ ಮಲಗಿದ್ದಾಗ ಹೇಳಿದ್ದಳು:

"ಹಗೇವು ರಾತ್ರಿ ತಗೀತಿದ್ವಿ ತಮ್ಮಾ, ಯಾರಿಗೂ ಕಾಣದಂಗ. ಒಂದಿನ ಓಣ್ಯಾಗಿನ ಹೆಣಮಗಳು ಸೆರಗೊಡ್ಡಿ ಬಂದ್ಲು. ಖಡಿ ಒಡದು ಕೈಯೆಲ್ಲಾ ಬೊಬ್ಬಿ. ಒಂದ್ ಸೇರು ಕೊಡಬೇ, ಸುಗ್ಗ್ಯಾಗ ಕೊಡ್ತೀನಿ ಅಂದ್ಲು. ಒಳಗಿಂದ ಅತ್ತಿ ಸನ್ನಿ ಮಾಡಿದ್ರು. ನಾನು ಇಲ್ಲ ಅಂದೆ. ಜ್ವಾಳದ ಮ್ಯಾಲ ನಿಂತಕೊಂಡು ಇಲ್ಲ ಅಂದೆ."

ಅಕ್ಷರಶಃ ನಿಜ. ಹಗೇವು ಇರುವುದು ಹೊಸ್ತಿಲ ಮುಂದೇ. ಅದರ ಕಲ್ಲಿನ ಮೇಲೇ ನಿಂತಿದ್ದಳಂತೆ. ಆಮೇಲೆ ಜೀವ ಇರುವತನಕ ಆಯಿ ಹಿಟ್ಟು ಬೀಸಲು ಕೊಡುವ ಮೊದಲು ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಹಾಕುತ್ತಿದ್ದಳು, ಬೇಡಿ ಬಂದವರಿಗೆ ಅಂತ. ಉಂಡ ಗಂಗಾಳ ತೊಳೆದ ನೀರನ್ನೂ ಕುಡಿಯುತ್ತಿದ್ದಳು. ನಾವು ನಗುತ್ತಿದ್ದೆವು.

ಎಲ್ಲಾ ಬರದಲ್ಲೂ ಇದೇ ಕಥೆ. ಮಳೆ ಹೋಗುವುದು ಎಲ್ಲರಿಗೂ ಒಂದೇ, ಹಸಿವು ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಹಗೇವು ಇದ್ದವರು ಇದ್ದರು, ಇಲ್ಲದವರು ಖಡಿ ಒಡೆದರು. ನಿಸರ್ಗ ಕ್ರೂರಿ ಅಂತ ಬೈದುಬಿಡುವುದು ಸುಲಭ. ಲಿಟ್ಟನ್ನೂ ಟೆಂಪಲ್ಲೂ ದೂರದವರು, ಅವರನ್ನು ಬೈಯುವುದೂ ಸುಲಭ. ನಮ್ಮ ಹೊಸ್ತಿಲ ಕಲ್ಲಿನ ಮೇಲೆ ನಿಂತವಳು ನನ್ನ ಆಯಿ.

ಆಮೇಲೆ ಹಗೇವಿನ ಕಾಲ ಮುಗಿಯಿತು. ಚೀಲ, ಗುಳಿಗೆ ಬಂದವು. ರೇಶನ್ನಿನ ಅಕ್ಕಿ ಬಂತು, 2013ರಿಂದ ಅನ್ನಭಾಗ್ಯ. ಎರಿ ಹೊಲದಲ್ಲಿ ಕಡಲೆ, ಹೆಸರು, ಹತ್ತಿ, ಗೋವಿನ ಜೋಳ ಹೆಚ್ಚಾಗಿ ಹಿಂಗಾರಿ ಜೋಳ ಕಡಿಮೆಯಾಯಿತು. ಈಗ ನಮ್ಮ ಮನೆಯಲ್ಲೇ ಒಂದೊಂದು ವರ್ಷ ಜೋಳ ಕೊಂಡು ತರುತ್ತಾರೆ! 2023ರಲ್ಲಿ ಮತ್ತೆ ಎಲ್ ನಿನೋ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಹೊಲ ಒಣಗಿತು, ಸಾಲ ಬೆಳೆಯಿತು. ಆದರೆ 1876ರ ಹಾಗೆ ಜನ ಅನ್ನವಿಲ್ಲದೆ ದಾರಿಯಲ್ಲಿ ಬೀಳಲಿಲ್ಲ. ರೇಶನ್ ಅಕ್ಕಿಯ ರುಚಿ ಬಗ್ಗೆ ಗೊಣಗುವ ಮೊದಲು ಇದನ್ನು ನೆನೆಯಬೇಕು ಅನ್ನಿಸುತ್ತದೆ. ಅದು ಎಲ್ಲರಿಗೂ ಪಾಲಿರುವ ಹಗೇವು.

ಇರಲಿ. ವಾರದ ಮೇಲೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ: "ಮುಚ್ಚಸಪ್ಪಾ. ಹುಡುಗರು ಆಡೋ ಜಾಗ, ಯಾರರ ಬಿದ್ದಾರು. ಆದ್ರ ಮುಚ್ಚೋಕ ಮೊದಲ ಅಳತಿ ತಗದು ಬರದಿಡು. ಫೋಟೋನೂ ತಗಿ."

ಅಪ್ಪ ಕಲ್ಲು ಸರಿಸಿ, ಎರಡು ದಿನ ಗಾಳಿಗೆ ಬಿಟ್ಟು, ಕಂದೀಲು ಇಳಿಬಿಟ್ಟನಂತೆ. ದೀಪ ಆರಲಿಲ್ಲ. ಮೂವತ್ತು ವರ್ಷದಿಂದ ಖಾಲಿ ಇದ್ದದ್ದು, ಆರುವುದಾದರೂ ಯಾಕೆ? ನಿಚ್ಚಣಿಕೆ ಇಟ್ಟು ಇಳಿದು ಅಳೆದ. ಆಳ ಹನ್ನೊಂದು ಫೂಟು, ಹೊಟ್ಟೆ ಏಳು ಫೂಟು. ಮರುದಿನ ಎರಡು ಟ್ರ್ಯಾಕ್ಟರ್ ಮಣ್ಣು ಸುರಿಸಿದರು. ಬಾಯಿಯ ಹಾಸುಗಲ್ಲನ್ನು ಅವ್ವ ಹಿತ್ತಲಿಗೆ ಹಾಕಿಸಿಕೊಂಡಿದ್ದಾಳೆ, ಅರಿವೆ ಒಗೆಯಲು.

"ಆಯಿ ಗಡಿಗಿ ಎಲ್ಲೈತಿಬೇ?" ಅಂದೆ.

"ಅಡಿಗಿ ಮನ್ಯಾಗ ಐತಿ. ದಿನಾ ಒಂದ್ ಹಿಡಿ ಹಾಕತೀನಲ್ಲ. ಅದನ್ನೂ ಮುಚ್ಚಬೇಕೇನು?" ಅಂದಳು ಅವ್ವ.

ನಿಮ್ಮ ಕಡೆ ಹಗೇವಿಗೆ ಏನನ್ನುತ್ತಾರೆ? ಮನೆಯ ಹಿರಿಯರು ಬರದ ಬಗ್ಗೆ ಏನು ಹೇಳಿದ್ದಾರೆ? ಅವರು ಇರುವಾಗಲೇ ಕೇಳಿ ಬರೆದಿಡಿ. ಅವರು ಹೆಮ್ಮೆಯಿಂದ ಹೇಳುವುದನ್ನಷ್ಟೇ ಅಲ್ಲ, ದನಿ ಇಳಿಸಿ ಹೇಳುವುದನ್ನೂ.