ಲಾಟೀನಿನಿಂದ ಬಂದ ಟೀ ಪಾಟು



ಊರಿನಲ್ಲಿ ಕರೆಂಟು ಕೈಕೊಟ್ಟ ಮಳೆಗಾಲದ ರಾತ್ರಿಗಳು ನಿಮಗೆ ನೆನಪಿರಬೇಕು. ಉರಿಯುತ್ತಿರುವ ಲಾಟೀನನ್ನು ಜಗಲಿಗೆ ತರುವಾಗ ಸೂರಿನಿಂದ ಒಂದು ಹನಿ ಗಾಜಿನ ಮೇಲೆ ಬಿದ್ದರೆ ಸಾಕು, ‘ಟಪ್’ ಅಂತ ಸದ್ದು, ಉದ್ದಕ್ಕೊಂದು ಸೀಳು. ಮರುದಿನ ಹೊಸ ಗಾಜಿಗಾಗಿ ಅಂಗಡಿಗೆ ಓಟ. ಈ ಸಲ ನಿಮಗೆ ಹೇಳಹೊರಟಿರುವುದು ಗಾಜಿನ ಟೀ ಪಾಟಿನ ಕಥೆ. ಅದು ಶುರುವಾಗುವುದು ಆ ‘ಟಪ್’ನಿಂದಲೇ.

ನಾವು ಮೂಲತಃ ಕಾಫಿ ಮಂದಿ, ಒಪ್ಪುತ್ತೇನೆ. ಆದರೆ ಹೊರ ಊರಿಗೆ ಬಂದು ನೆಲೆಸಿದ ಮೇಲೆ ಟೀ ಕೂಡ ಮನೆಯೊಳಗೆ ಬಂದುಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಯಾರೋ ಒಳ್ಳೆಯ ಡಾರ್ಜೀಲಿಂಗ್ ಎಲೆ ತಂದುಕೊಟ್ಟರು. ಅದರ ಹೊಂಬಣ್ಣ ನೋಡಬೇಕೆಂಬ ಆಸೆಗೆ, ಮನೆಯಲ್ಲಿದ್ದ ದಪ್ಪನೆಯ ಗಾಜಿನ ಜಗ್ಗಿಗೆ ಕುದಿಯುವ ನೀರು ಸುರಿದೆ. ತಳ ಕಳಚಿಕೊಂಡಿತು. ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ಪಾದದ ಮೇಲೆ ಬಿಸಿನೀರು. ಹದಿನೈದು ದಿನ ಬ್ಯಾಂಡೇಜು. ಅದು ಶರಬತ್ತಿನ ಜಗ್ಗು, ತಪ್ಪು ನನ್ನದೇ. ‘ಇಷ್ಟು ದಪ್ಪ ಇದೆ, ಏನೂ ಆಗುವುದಿಲ್ಲ’ ಅಂದುಕೊಂಡಿದ್ದೆ.

ಆಗುವುದು ದಪ್ಪ ಇರುವುದಕ್ಕೇ. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ಕುದಿನೀರು ತಾಗಿದ ಒಳಮೈ ಹಿಗ್ಗಲು ನೋಡುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಲಾಟೀನಿನಲ್ಲಿ ಬಿಸಿ ಗಾಜಿಗೆ ತಣ್ಣೀರು ತಾಗಿದಾಗಲೂ ಇದೇ ಜಗಳ, ದಿಕ್ಕು ಮಾತ್ರ ಬೇರೆ. ಅದಕ್ಕೇ ಶತಮಾನಗಳ ಕಾಲ ಟೀ ಪಾಟುಗಳೆಲ್ಲ ಮಣ್ಣಿನವು, ಪಿಂಗಾಣಿಯವು, ಶ್ರೀಮಂತರ ಮನೆಯಲ್ಲಾದರೆ ಬೆಳ್ಳಿಯವು.

ಈ ಜಗಳ ಬಿಡಿಸಿದವನು ಜರ್ಮನಿಯ ಒಟ್ಟೊ ಶಾಟ್. ಹುಟ್ಟಿದ್ದು 1851ರಲ್ಲಿ, ಗಾಜು ಮಾಡುವವರ ಮನೆಯಲ್ಲಿ. 1884ರಲ್ಲಿ ಯೇನಾ ಪಟ್ಟಣದಲ್ಲಿ ಅರ್ನ್‌ಸ್ಟ್ ಆಬ್ಬೆ ಮತ್ತು ಕಾರ್ಲ್ ಝೈಸ್ ಜೊತೆ ಸೇರಿ ಪ್ರಯೋಗಶಾಲೆ ತೆರೆದ. ಅವರಿಗೆ ಬೇಕಿದ್ದದ್ದು ಸೂಕ್ಷ್ಮದರ್ಶಕದ ಮಸೂರಕ್ಕೆ ಒಳ್ಳೆಯ ಗಾಜು. ಟೀ ಯಾರ ತಲೆಯಲ್ಲೂ ಇರಲಿಲ್ಲ. ಗಾಜಿನ ಪಾಕಕ್ಕೆ ಒಂದೊಂದೇ ಧಾತು ಬೆರೆಸಿ ನೋಡುತ್ತ ಹೋದ ಶಾಟ್, ಬೋರಾನ್ ಸೇರಿಸಿದ ಗಾಜು ಬಿಸಿಗೆ ಬಹಳ ಕಡಿಮೆ ಹಿಗ್ಗುತ್ತದೆ ಎಂದು ಕಂಡುಕೊಂಡ. ಇಂದಿನ ಬೊರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿನ ಮೂರನೇ ಒಂದು ಭಾಗದಷ್ಟೇ ಹಿಗ್ಗುತ್ತದೆ. ಯೇನಾದ ಗಾಜು ಮೊದಲು ಥರ್ಮಾಮೀಟರಿಗೆ ಹೋಯಿತು, ಆಮೇಲೆ ಬೀದಿಯ ಗ್ಯಾಸ್ ದೀಪಗಳ ಚಿಮಣಿಗೆ.

ಅಮೆರಿಕದಲ್ಲೂ ದೀಪವೇ ದಾರಿ ತೋರಿಸಿತು. ಅಲ್ಲಿನ ರೈಲ್ವೆಯ ಸಿಗ್ನಲ್ ಲಾಟೀನುಗಳು ಮಳೆ, ಹಿಮ ಬಿದ್ದು ಒಡೆಯುತ್ತಿದ್ದವು. ಸಿಗ್ನಲ್ ಆರಿಹೋದರೆ ರೈಲಿನಲ್ಲಿದ್ದವರ ಪ್ರಾಣಕ್ಕೇ ಅಪಾಯ. ಕಾರ್ನಿಂಗ್ ಕಂಪನಿ ಅದಕ್ಕಾಗಿ ಬಿಸಿ ತಡೆಯುವ ಗಾಜು ಮಾಡಿತು. ಅದು ಅಡುಗೆಮನೆಗೆ ಬಂದದ್ದು ಒಬ್ಬ ಗೃಹಿಣಿಯಿಂದ. 1913ರಲ್ಲಿ ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್‌ನ ಹೆಂಡತಿ ಬೆಸ್ಸಿಯ ಓವನ್ ಪಾತ್ರೆ ಬಿರುಕು ಬಿಟ್ಟಿತ್ತು. ಆತ ಬ್ಯಾಟರಿಗೆ ಬಳಸುವ ಗಾಜಿನ ಜಾಡಿಯ ತಳ ಕತ್ತರಿಸಿ ತಂದುಕೊಟ್ಟ, ಆಕೆ ಅದರಲ್ಲೇ ಕೇಕು ಬೇಯಿಸಿ ತೋರಿಸಿದಳು. 1915ರಲ್ಲಿ ಪೈರೆಕ್ಸ್ ಪೇಟೆಗೆ ಬಂತು. ಅಂದಹಾಗೆ, ಅಮೆರಿಕದಲ್ಲಿ ಅದೇ ಹೆಸರಿನ ಪಾತ್ರೆಗಳು ನಂತರ ಬೇರೆ ಬಗೆಯ ಗಾಜಿಗೆ ಬದಲಾದವು. ಬರೀ ಹೆಸರು ನೋಡಿ ಕೊಳ್ಳಬೇಡಿ.

ಯೇನಾದವರು ಹಿಂದೆ ಬೀಳಲಿಲ್ಲ. 1931ರಲ್ಲಿ ವಿಲ್ಹೆಲ್ಮ್ ವಾಗನ್‌ಫೆಲ್ಡ್ ಎಂಬ ವಿನ್ಯಾಸಗಾರ ಅವರಿಗೊಂದು ಟೀ ಪಾಟು ರೂಪಿಸಿದ. ಪಾತ್ರೆ, ಮುಚ್ಚಳ, ಎಲೆ ಹಾಕುವ ಸೋಸುಬಟ್ಟಲು, ಎಲ್ಲವೂ ತೆಳ್ಳನೆಯ ಗಾಜು. ಅಲಂಕಾರ ಏನೂ ಇಲ್ಲ; ಬಣ್ಣ ಕೊಡುವುದು ಟೀ ಒಂದೇ. ಅದರ ಚಿತ್ರ ನೋಡಿದರೆ ನಿಮಗೆ ಹೊಸದಾಗಿ ಮಾಡಿದ್ದು ಅನ್ನಿಸಬಹುದು.

ಆಮೇಲೆ ಯುದ್ಧ. 1945ರಲ್ಲಿ ಯೇನಾ ರಷ್ಯನ್ನರ ಪಾಲಾಗುವ ಮುನ್ನ ಅಮೆರಿಕನ್ ಸೈನ್ಯ 41 ಗಾಜು ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದಿತು. ಯಂತ್ರಗಳಿಗಿಂತ ಅವರ ತಲೆಯಲ್ಲಿದ್ದ ಪಾಕವೇ ಮುಖ್ಯವಾಗಿತ್ತು. ಯೇನಾದ ಕಾರ್ಖಾನೆ 1948ರಲ್ಲಿ ಸರ್ಕಾರದ್ದಾಯಿತು. ಹೊರಟುಹೋದವರು 1952ರಲ್ಲಿ ಮೈನ್ಸ್ ನಗರದಲ್ಲಿ ಹೊಸದು ಕಟ್ಟಿದರು. ಒಂದೇ ಮನೆ ಎರಡಾಗಿ, ಹೆಸರಿಗಾಗಿ ವರ್ಷಗಟ್ಟಲೆ ವ್ಯಾಜ್ಯ.

ನಮ್ಮ ದೇಶಕ್ಕೆ ಈ ಗಾಜಿನ ತಯಾರಿಕೆ ಬಂದದ್ದು ಕಾರ್ನಿಂಗ್ ಕಡೆಯಿಂದ. 1962ರಲ್ಲಿ ಅವರ ಸಹಯೋಗದಲ್ಲಿ ಮುಂಬೈಯಲ್ಲಿ ಶುರುವಾದ ಕಂಪನಿಯೇ ಬೊರೊಸಿಲ್; 1988ರಲ್ಲಿ ಕಾರ್ನಿಂಗ್ ತನ್ನ ಪಾಲು ಬಿಟ್ಟುಕೊಟ್ಟಿತು. ಕೆಮಿಸ್ಟ್ರಿ ಲ್ಯಾಬಿನ ಬೀಕರ್ ಮೇಲೆ ಆ ಹೆಸರು ಓದಿದ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು. ಟೀ ಪಾಟು ಆ ಬೀಕರಿನ ತಂಗಿ ಅಂದುಕೊಳ್ಳಿ.

ಹಾಗಾಗಿ ಕೊಳ್ಳುವಾಗ ಡಬ್ಬಿಯ ಮೇಲೆ ‘ಬೊರೋಸಿಲಿಕೇಟ್’ ಎಂದಿದೆಯೇ ನೋಡಿ. ಕೈಗೆ ಹಗುರ ಅನ್ನಿಸಿದರೆ ಹೆದರಬೇಡಿ. ಸೋಸುಬಟ್ಟಲು ನೀರಿನಲ್ಲಿ ಮುಳುಗುವಷ್ಟು ಆಳ ಇರಲಿ, ಇಲ್ಲವಾದರೆ ಎರಡು ಕಪ್ಪು ಮಾಡುವಾಗ ಎಲೆ ಒಣಗಿಯೇ ಉಳಿಯುತ್ತದೆ. ಗ್ಯಾಸ್ ಮೇಲೆ ಇಡಬಹುದೆಂದು ಬರೆದಿಲ್ಲದಿದ್ದರೆ ಇಡಲೇಬೇಡಿ. ಹಾಲು, ಶುಂಠಿ ಹಾಕಿ ಕುದಿಸುವ ಚಹಾಕ್ಕೆ ಸ್ಟೀಲ್ ಪಾತ್ರೆಯೇ ಸರಿ. ತೆಳು ಗಾಜು ಬೇಗ ಆರುತ್ತದೆ. ಮೊದಲು ಸ್ವಲ್ಪ ಬಿಸಿನೀರಿನಿಂದ ತೊಳೆದು ಚೆಲ್ಲಿ. ಕಪ್ಪಿಗೊಂದು ಸಣ್ಣ ಚಮಚ ಎಲೆ, ಮೂರು ನಿಮಿಷ, ಆಮೇಲೆ ಸೋಸುಬಟ್ಟಲು ತೆಗೆದುಬಿಡಿ. ಬಿಸಿ ಪಾಟನ್ನು ಒದ್ದೆ ಕಲ್ಲಿನ ಕಟ್ಟೆಯ ಮೇಲೆ ಇಡಬೇಡಿ, ಸ್ಟೀಲ್ ನಾರಿನಿಂದ ಉಜ್ಜಬೇಡಿ. ಗೀರು ಬಿದ್ದ ಕಡೆಯೇ ಗಾಜು ಸೋಲುವುದು.

ನಮ್ಮ ಮನೆಯ ಈಗಿನ ಪಾಟು ಐದು ವರ್ಷ ಹಳೆಯದು. ಒಂದು ಗೀರೂ ಇಲ್ಲ. ಆದರೂ ನಾನು ಕುದಿನೀರು ಎತ್ತಿಕೊಂಡ ಕೂಡಲೇ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ.