ಇನ್ ವೇನ್

ಇನ್ ವೇನ್: ಆಸ್ಟ್ರಿಯಾದ ಸಂಗೀತ ರಚನಕಾರ ಗೇಆರ್ಗ್ ಫ್ರೀಡ್ರಿಕ್ ಹಾಸ್ 24 ವಾದ್ಯಗಳ ಮೇಳಕ್ಕಾಗಿ 2000ದಲ್ಲಿ ರಚಿಸಿದ ಕೃತಿ. ಹೆಸರಿನ ಅರ್ಥ ‘ವ್ಯರ್ಥ’. ಬಿಡುವಿಲ್ಲದೆ ಸುಮಾರು 70 ನಿಮಿಷ ನಡೆಯುವ ಇದರ ಕೆಲವು ಭಾಗಗಳನ್ನು ಪೂರ್ತಿ ಕತ್ತಲೆಯಲ್ಲಿ ನುಡಿಸಬೇಕು.

ರಚನಕಾರ: ಹಾಸ್ ಹುಟ್ಟಿದ್ದು 1953ರ ಆಗಸ್ಟ್ 16ರಂದು, ಗ್ರಾಟ್ಸ್ ನಗರದಲ್ಲಿ. ಬಾಲ್ಯ ಕಳೆದದ್ದು ಫೋರಾರ್ಲ್‌ಬೆರ್ಗ್ ಪ್ರಾಂತ್ಯದ ಗುಡ್ಡಗಾಡಿನಲ್ಲಿ. ಗ್ರಾಟ್ಸ್‌ನಲ್ಲಿ ಕಲಿತ ಮೇಲೆ ವಿಯೆನ್ನಾದಲ್ಲಿ ರಚನಕಾರ ಫ್ರೀಡ್ರಿಕ್ ಚೆರ್ಹಾ ಅವರ ಶಿಷ್ಯರಾದರು. 2013ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಹಿನ್ನೆಲೆ: ತೀವ್ರ ಬಲಪಂಥೀಯ ಫ್ರೀಡಂ ಪಾರ್ಟಿ 2000ದ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಸರ್ಕಾರದಲ್ಲಿ ಪಾಲು ಪಡೆಯಿತು. ದಾಟಿ ಬಂದೆವೆಂದುಕೊಂಡ ಕಾಲ ಮರಳಿತೆಂಬ ಹಾಸ್ ಅವರ ಕಳವಳ ಕೃತಿಯ ಹೆಸರಿನಲ್ಲೂ ಬಂಧದಲ್ಲೂ ಇದೆ.

ಸ್ವರವಿನ್ಯಾಸ: ಇಲ್ಲಿ ಎರಡು ಶ್ರುತಿಕ್ರಮಗಳು ಮುಖಾಮುಖಿಯಾಗುತ್ತವೆ. ಒಂದು, ಸ್ಥಾಯಿಯನ್ನು 12 ಸಮಭಾಗ ಮಾಡುವ ಪಿಯಾನೊದ ಕ್ರಮ. ಇನ್ನೊಂದು, ನಾದದೊಳಗೇ ಹುಟ್ಟುವ ಅಧಿಸ್ವರಗಳದು. ಶ್ರುತಿ ಕೂಡಿದ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ನುಡಿಸದ ಅಂತರ ಗಾಂಧಾರ ಕೇಳಿಬರುತ್ತದೆ. ಅದು ಇಂಥದೇ ಅಧಿಸ್ವರ, ಅದರ ಕಂಪನಾಂಕ ಆಧಾರಸ್ವರದ ಐದರಷ್ಟು. ಪಿಯಾನೊದ ಗಾಂಧಾರ ಇದಕ್ಕಿಂತ ಅರ್ಧಸ್ವರದ ನೂರರಲ್ಲಿ 14 ಪಾಲು ಮೇಲಿರುತ್ತದೆ. ಕಂಪನಾಂಕ ಏಳರಷ್ಟಿರುವ ಅಧಿಸ್ವರದ ವಿಷಯದಲ್ಲಿ ಅಂತರ 31 ಪಾಲು. ಎರಡೂ ಕ್ರಮಗಳ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ನಾದ ತೊನೆಯುತ್ತದೆ. ಆ ತೊನೆತವನ್ನೇ ಹಾಸ್ ರಾಗಸಂಚಾರದ ಬದಲಿಗೆ ಬಳಸಿಕೊಂಡಿದ್ದಾರೆ.

ಆರಂಭದಲ್ಲಿ ಸ್ವರಗಳು ಮೇಲಿನಿಂದ ಜಾರುತ್ತ ಸುರಿಯುತ್ತವೆ. ಬರಬರುತ್ತ ದೀಪಗಳು ಆರಿ, ನಿರ್ದೇಶಕನ ಕೈಯಾಗಲಿ ಸ್ವರಲಿಪಿಯಾಗಲಿ ಕಾಣದಂತಾಗುತ್ತದೆ. ವಾದಕರು ಒಬ್ಬರನ್ನೊಬ್ಬರು ಆಲಿಸಿಯೇ ನುಡಿಸಬೇಕು. ಅಧಿಸ್ವರಗಳ ಗೋಪುರ ನಿಧಾನವಾಗಿ ಏಳುತ್ತದೆ. ಮುಂದೆ ಇನ್ನೊಮ್ಮೆ ಕತ್ತಲೆ ಕವಿಯುತ್ತದೆ. ಕೊನೆಗೆ ಮೊದಲಿನ ಜಾರುಸ್ವರಗಳೇ ಹಿಂತಿರುಗುತ್ತವೆ. ಇಷ್ಟು ಹೊತ್ತಿನ ಏರಿಕೆ ವ್ಯರ್ಥವಾಯಿತೆಂಬ ಭಾವ ಆಗ ಪೂರ್ಣವಾಗುತ್ತದೆ.

ಪ್ರಸ್ತುತಿ: ಜರ್ಮನಿಯ ಕಲೋನ್ ನಗರದಲ್ಲಿ 2000ದ ನವೆಂಬರ್‌ನಲ್ಲಿ ಸಿಲ್ವಾನ್ ಕಾಂಬ್ರೆಲಿಂಗ್ ನಿರ್ದೇಶನದಲ್ಲಿ ಕ್ಲಾಂಗ್‌ಫೋರಂ ವೀನ್ ಮೇಳ ಇದನ್ನು ಮೊದಲು ನುಡಿಸಿತು. ಇವರದೇ ಧ್ವನಿಮುದ್ರಣವನ್ನು ಕೈರೋಸ್ ಸಂಸ್ಥೆ ಹೊರತಂದಿದೆ. 21ನೆಯ ಶತಮಾನದ ಮೊದಮೊದಲ ಮೇರುಕೃತಿಗಳಲ್ಲಿ ಇದೂ ಒಂದೆಂದು ನಿರ್ದೇಶಕ ಸೈಮನ್ ರ‍್ಯಾಟಲ್ ಹೊಗಳಿದ್ದಾರೆ. 2001ರಲ್ಲಿ ರಚಿಸಿದ ಮೂರನೆಯ ತಂತಿವಾದ್ಯ ಚತುಷ್ಟಯದಲ್ಲಿ ಹಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅದನ್ನು ಮೊದಲಿನಿಂದ ಕೊನೆಯವರೆಗೂ ಕತ್ತಲೆಯಲ್ಲೇ ನುಡಿಸುತ್ತಾರೆ.